ಮಣಕ ಕುಂತದ

ಫಿಲ್ಮು ಬೆಳಕಿಗೆ ಹಿಡದು ಸಾಹೇಬ್ರು ಅಂದ್ರು,
"ಮಣಕಾ ಬಸ್‌ಲಾಯ್."
ಸೋಲಾಪುರದ ಈ ದವಾಖಾನ್ಯಾಗ ನನ್ನ ಕೆಲಸ ಎರಡು:
ಸೂಜಿ ಎಣಿಸೂದು, ಮಾತು ದಾಟಿಸೂದು.
ಅವಸರದಾಗ ಅರ್ಧಾ ಮಾತಷ್ಟ ದಾಟಿತು,
"ಆಯಿ, ಮಣಕ ಕುಂತದ."

ಸಾಯವ್ವಾಯಿ ಸ್ಟ್ರೆಚರಿನ ಮ್ಯಾಲೆ ಕಣ್ಣು ತೆರದಳು.
"ಯಾರ ಮಣಕ? ನಮ್ಮದಾ?
ಹ್ವಾದ ಯುಗಾದಿಗೆ ಮಾರೀವಲ್ಲ ಅದನ್ನ
ದುಧನಿ ಸಂತ್ಯಾಗ. ಈಗೆಲ್ಲಿ ಕುಂತದ?"

ನಗು ಬಂತು. ನುಂಗಿದೆ.
ಅವರ ಮಾತಿನಾಗ ಅದು ಬೆನ್ನಿನ ಮಣಿ,
ನಮ್ಮ ಮಾತಿನಾಗ ಇನ್ನೂ ಈಯದ ಎಮ್ಮಿ.
ಒಂದ ಶಬ್ದ, ಎರಡು ಕೊಟ್ಟಿಗಿ.

ಏನೂ ಎತ್ತಿರಲಿಲ್ಲ ಆಕಿ.
ಕೊಡ ಅಲ್ಲ, ಮೇವಿನ ಹೊರಿ ಅಲ್ಲ,
ಮೆಣಸಿನಕಾಯಿ ಒಗ್ಗರಣಿಗೆ ಒಂದು ಸೀನು.
ಅಷ್ಟ. ಟಕ್ ಅಂತಂತ ಒಳಗ.
ಹನ್ನೊಂದು ದಿನ ಗ್ವಾಡಿ ಹಿಡದು ನಡದಾಳ,
ವಾಯು ಅದ ಅಂತ ಮಂದಿ ಅಂದದ್ದಕ್ಕ
ಸಾಸಿವೆಣ್ಣಿ ತಿಕ್ಕಿಸಿಕೊಂಡಾಳ.

"ಹಾಲು ಕುಡಿತಿದ್ದಿಯೇನು?" ಸಾಹೇಬ್ರ ಪ್ರಶ್ನೆ.
ದಾಟಿಸಿದೆ.
ಐವತ್ತು ವರ್ಷ ಹಿಂಡಿದ ಕೈ
ಹಾಸಿಗಿ ಮ್ಯಾಲೆ ಸುಮ್ಮ ಬಿದ್ದಿತ್ತು,
ಹೆಬ್ಬಟ್ಟು ಇನ್ನೂ ಒಳಮಡಚಿ.
"ಡೇರಿಗೆ ಹಾಕ್ತಿದ್ವಿ" ಅಂದಳು.
ಅಷ್ಟಕ್ಕ ಸಾಹೇಬ್ರು ಪೆನ್ನು ಮುಚ್ಚಿದ್ರು.

ಬೋರಲು ಮಲಗಿಸಿದ್ವಿ. ಪೂರ್ತಿ ಮಂಪರು ಬ್ಯಾಡ,
ಬೆನ್ನಿಗೆ ಜೋಮು ಬಂದ್ರ ಸಾಕು.
"ಮಾತಾಡಿಸ್ತಾ ಇರು, ಆಕಿ ಅಲುಗಬಾರದು."
ಸೀಸದ ಅಂಗಿ ತೊಟ್ಟು, ಕಿವಿ ಹತ್ರ ಬಗ್ಗಿ ಕೇಳಿದೆ,
"ಆಯಿ, ಕುಂತ ಮಣಕ ಎಬ್ಬಸೂದು ಹ್ಯಾಂಗ?"

"ಬಡಿಬಾರದವ್ವ.
ಬಾಲ ತಿರುವುತಾರ ತಿಳಿಗೇಡಿಗಳು.
ಹೊಟ್ಟಿ ಕೆಳಗ ಗೋಣಿತಟ್ಟು ತೂರಿಸಬೇಕು,
ಆ ಕಡಿ ಇಬ್ರು, ಈ ಕಡಿ ಇಬ್ರು,
ಉಸಿರು ನೋಡಿಕೊಂತ ಸಾವಕಾಶ ಎತ್ತಬೇಕು.
ಎತ್ತಿದ ಮ್ಯಾಲೆ ಬಿಡಬಾರದು.
ಕಾಲಿಗೆ ರಕ್ತ ಇಳಿಯೂತನಕ
ಹೆಗಲು ಕೊಟ್ಟು ನಿಲ್ಲಬೇಕು."

ಪರದೆ ಮ್ಯಾಲೆ ಬೂದಿ ಬಣ್ಣದ ಎಲುಬಿನ ಸಾಲು.
ಸೂಜಿ ಎರಡು, ಆ ಕಡಿ ಒಂದು, ಈ ಕಡಿ ಒಂದು.
ಒಳಗ ಹೋದ ಬಲೂನು ಉಬ್ಬಿತು, ಸಾವಕಾಶ.
ಕುಸಿದ ಮಾಳಿಗಿ ಒಂದು ಗೋಧಿಕಾಳಿನಷ್ಟು ಮ್ಯಾಲೆದ್ದಿತು.
ಬಲೂನು ತಗದ ಪೊಳ್ಳಿನಾಗ
ಸಿಮೆಂಟು, ಒಂದು ಚಮಚದಷ್ಟು.

ಮಿಕ್ಕಿದ್ದು ನನ್ನ ಅಂಗೈಯಾಗ ಇಟ್ರು.
ಒಳಗಿಂದು ಯಾವಾಗ ಗಟ್ಟಿ ಆಗ್ತದ ಅಂತ
ಹೊರಗಿಂದು ಹೇಳಬೇಕು.
ಮೊದಲು ಬೆಣ್ಣಿ.
ಆಮ್ಯಾಲೆ ಬಿಸಿ, ಕೈಗವಸಿನ ಒಳಗೂ ಬಿಸಿ,
ಆಗಷ್ಟ ಹುಟ್ಟಿದ ಕರುವಿನ ಕಿವಿ ಹಿಡದಂಗ.
ಆಮ್ಯಾಲೆ ಕಲ್ಲು.
"ಆತ್ರಿ" ಅಂದೆ, ಮರಾಠಿ ಮರತು.
ಸಾಹೇಬ್ರು ಸೂಜಿ ತಗದ್ರು.

ಹೊರಗ ಅಳಿಯ ನಿಂತಿದ್ದ, ಗವಂಡಿ ಮಲ್ಕಣ್ಣ.
ಸಿಮೆಂಟು ಹಾಕ್ಯಾರ ಅಂದದ್ದಕ್ಕ
ಹಣಿ ಗಂಟಿಕ್ಕಿ ಕೇಳಿದ,
"ಎಷ್ಟು ದಿನ ನೀರು ಹೊಡೀಬೇಕ್ರಿ ಸಿಸ್ಟರ್?"

ಸಂಜಿ ಐದಕ್ಕ ಎದ್ದು ನಿಂತಳು.
ಬೆನ್ನ ಮ್ಯಾಲೆ ಎರಡು ಪಟ್ಟಿ, ಕುಂಕುಮದ ಬೊಟ್ಟಿನಷ್ಟಗಲ.
ಹೆಗಲು ಕೊಟ್ಟೆ.
ಬಾಗಿಲತನಕ ನಡದಳು, ತಿರುಗಿ ಬಂದಳು.

ಹೇಳೂದು ಇನ್ನೂ ಇತ್ತು:
ಎದ್ದದ್ದು ಒಂದ,
ಅದರ ಮ್ಯಾಲೆ ಕೆಳಗ ಸಾಲು ಅದ, ಅವೂ ಜೊಳ್ಳ,
ಗುಳಿಗಿ ಬಿಡಬ್ಯಾಡ, ಆರು ತಿಂಗಳಿಗೊಂದು ಸೂಜಿ,
ಬಗ್ಗಬ್ಯಾಡ.
"ಬಗ್ಗದ ಹಿಂಡೂದು ಹ್ಯಾಂಗ?" ಅಂದಳು.
ಈ ಮಾತು ದಾಟಿಸಾಕ ಹ್ವಾದ್ರ
ಸಾಹೇಬ್ರು ಆಗಲೇ ಮನಿಗೆ ಹ್ವಾಗಿದ್ರು.

ಕ್ಯಾಂಟೀನಿನ ಹುಡುಗ ಲೋಟ ತಂದಿಟ್ಟ.
"ಲೀಟರ್ ಎಷ್ಟಪ್ಪ ಹಾಲು, ಇಲ್ಲಿ?"
ಹೇಳಿದ.
"ನಮಗ ಅದರಾಗ ಅರ್ಧಾ ಕೊಡ್ತಿದ್ರು."
ಲೋಟ ಎರಡೂ ಕೈಲೆ ಹಿಡದಳು.
ಕುಡದಳೋ ಇಲ್ಲೋ,
ನನ್ನ ಪಾಳಿ ಮುಗದಿತ್ತು.